‘ಕೇಸ್ ಯಾಕೆ ಹಾಕಲಿಲ್ಲ?’

ಮದುವೆ ಮನೆಯಿರಲಿ, ಆಫೀಸಿರಲಿ, ಚಿಕ್ಕಪ್ಪನ ಮಾತು ಬಂದಾಗಲೆಲ್ಲ ಜನ ನನ್ನನ್ನು ಇದೊಂದೇ ಪ್ರಶ್ನೆ ಕೇಳುತ್ತಾರೆ. “ಅಷ್ಟೆಲ್ಲ ಆಯ್ತು ಅಂತೀರಿ, ಓದಿದವರು ಬೇರೆ. ಆಸ್ಪತ್ರೆ ಮೇಲೆ ಕೇಸ್ ಯಾಕೆ ಹಾಕಲಿಲ್ಲ?” ಕೇಳುವವರದ್ದೇನೂ ತಪ್ಪಿಲ್ಲ. ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

2017ರ ಮಳೆಗಾಲ. ಊಟ ಮಾಡಿ ಮಲಗಿದ್ದ ಚಿಕ್ಕಪ್ಪ ಹನ್ನೆರಡೂವರೆ ಹೊತ್ತಿಗೆ ಎದ್ದು ಕೂತರು. ಎದೆ ಹಿಡಿದುಕೊಂಡಿತ್ತು, ಎಡಗೈ ಸೆಳೆತ, ಬನಿಯನ್ ಪೂರ್ತಿ ಬೆವರು. ಗ್ಯಾಸ್ ಇರಬಹುದು ಅಂತ ಚಿಕ್ಕಮ್ಮ ಜೀರಿಗೆ ಕಷಾಯಕ್ಕೆ ನೀರಿಟ್ಟರು. ನಾನು ಪಕ್ಕದ ಮನೆಯವರನ್ನು ಎಬ್ಬಿಸಿದೆ. ಅವರ ಓಮ್ನಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೊರಟೆವು.

ಕ್ಯಾಶುವಾಲ್ಟಿಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಮನುಷ್ಯರು ಯಾರೂ ಇರಲಿಲ್ಲ. ಬಾಗಿಲು ಬಡಿದ ಮೇಲೆ ಸಿಸ್ಟರ್ ಬಂದರು. ಹೆರಿಗೆ ವಾರ್ಡಿನಲ್ಲಿದ್ದರಂತೆ, ಎರಡೂ ಕಡೆ ಅವರೊಬ್ಬರೇ. ಡ್ಯೂಟಿ ಡಾಕ್ಟರಿಗೆ ಮೂರು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಇಸಿಜಿ ಮಾಡಿ ಅಂದೆ. ಮೆಷಿನ್ ಬೀರುವಿನಲ್ಲಿದೆ, ಬೀಗದ ಕೈ ಟೆಕ್ನಿಷಿಯನ್ ಹತ್ತಿರ, ಅವರು ಬರುವುದು ಬೆಳಗ್ಗೆ ಒಂಬತ್ತಕ್ಕೆ. ಸಿಸ್ಟರ್ ನಾಲಿಗೆ ಕೆಳಗೆ ಒಂದು ಮಾತ್ರೆ ಇಟ್ಟು, “ಇಲ್ಲಿ ಏನೂ ಆಗಲ್ಲ ಸರ್, ಜಿಲ್ಲಾಸ್ಪತ್ರೆಗೆ ಹೊರಡಿ, ತಡ ಮಾಡ್ಬೇಡಿ” ಅಂದರು. ಚೀಟಿ ಬೇಡ್ವಾ ಅಂತ ಕೇಳಿದೆ. “ಡಾಕ್ಟ್ರು ನೋಡದೆ ನಾನು ಹೇಗೆ ಬರೆದುಕೊಡ್ಲಿ?” ಅಂದರು. ನಾವು ಅಲ್ಲಿಗೆ ಹೋಗಿದ್ದೆವು ಅನ್ನುವುದಕ್ಕೆ ಒಂದಕ್ಷರವೂ ಉಳಿಯಲಿಲ್ಲ. ಆಗ ಅದರ ಬೆಲೆ ನನಗೆ ಗೊತ್ತಿರಲಿಲ್ಲ.

ಜಿಲ್ಲಾಸ್ಪತ್ರೆ ಮುಟ್ಟಿದಾಗ ಎರಡು ಇಪ್ಪತ್ತು. ಮೊದಲು ಕೌಂಟರಿನಲ್ಲಿ ಚೀಟಿ ಮಾಡಿಸಿ ಅಂದರು. ಕೌಂಟರಿನಲ್ಲಿ ಕಂಪ್ಯೂಟರ್ ಆಫ್ ಆಗಿತ್ತು, ಆಮೇಲೆ ಮಾಡಿಸಿ ಅಂದರು. ಆ ‘ಆಮೇಲೆ’ ಬರಲೇ ಇಲ್ಲ. ಒಬ್ಬ ಹುಡುಗ, ಹೌಸ್ ಸರ್ಜನ್ ಇರಬೇಕು, ಇಪ್ಪತ್ತಮೂರೋ ಇಪ್ಪತ್ನಾಲ್ಕೋ ವಯಸ್ಸು, ಓಡಿ ಬಂದು ಇಸಿಜಿ ತೆಗೆದ. ಉದ್ದ ಪಟ್ಟಿ ಹೊರಬಂತು. ಮೇಲ್ತುದಿಯಲ್ಲಿ ಮೆಷಿನ್ನೇ ಹೊಡೆದ ಸಮಯ: 2:47. ಅದನ್ನು ನೋಡಿ ಅವನ ಮುಖ ಸಣ್ಣದಾಯಿತು. ಯಾರಿಗೋ ಎರಡು ಸಲ ಫೋನ್ ಮಾಡಿದ. ಆಮೇಲೆ, “ಐಸಿಯುನಲ್ಲಿ ಬೆಡ್ ಇಲ್ವಂತೆ, ಮೈಸೂರು ಜಯದೇವಕ್ಕೆ ಕರ್ಕೊಂಡು ಹೋಗಿ” ಅಂತ ಪಟ್ಟಿಯನ್ನು ನನ್ನ ಕೈಗೆ ಕೊಟ್ಟ. ಆಂಬುಲೆನ್ಸಿಗೆ ಕಾಯುತ್ತಾ ಅದೇ ಸ್ಟ್ರೆಚರಿನ ಮೇಲೆ, ಮೂರೂವರೆಗೆ, ಚಿಕ್ಕಪ್ಪ ಹೋಗಿಬಿಟ್ಟರು.

ಬೆಳಗಿನ ಜಾವ ಒಂದು ಕಾಗದ ಕೊಟ್ಟರು. ಆಸ್ಪತ್ರೆಗೆ ತರುವಾಗಲೇ ಮೃತಪಟ್ಟಿದ್ದರು ಅಂತ ಅದರಲ್ಲಿತ್ತು. ಪೋಸ್ಟ್‌ಮಾರ್ಟಂ ಬೇಡ ಅಂದರೆ ಇಲ್ಲಿ ಸಹಿ ಹಾಕಿ ಅಂದರು. ಚಿಕ್ಕಪ್ಪನ ಮಗ ಹಾಕಿದ. ಹೊರಗೆ ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತಿದ್ದರು, ಮಳೆ ಬರುತ್ತಿತ್ತು. ಕಾಗದದಲ್ಲಿ ಏನಿದೆ ಅಂತ ಓದುವ ಹೊತ್ತಾ ಅದು?

ತಿಥಿ ಮುಗಿದ ಮೇಲೆ ಎರಡೂ ಆಸ್ಪತ್ರೆಗೆ ಹೋದೆ. ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಹೆಸರಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಸತ್ತ ಮೇಲಿನ ಒಂದು ನಮೂದು ಮಾತ್ರ. ಅಡ್ಮಿಟ್ ಆಗಿರಲಿಲ್ಲ, ಹಾಗಾಗಿ ಚಿಕಿತ್ಸೆಯ ವಿವರ ಬರೆಯುವ ಕೇಸ್ ಶೀಟ್ ಇಲ್ಲ. ನನ್ನ ಹತ್ತಿರ ಇದ್ದದ್ದು ಆ ಇಸಿಜಿ ಪಟ್ಟಿ. ತರುವಾಗಲೇ ಸತ್ತಿದ್ದವರ ಹೃದಯ 2:47ಕ್ಕೆ ಹೇಗೆ ಬಡಿಯಿತು ಸ್ವಾಮಿ? ಇದನ್ನೇ ವಕೀಲರ ಮುಂದಿಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: “ಇದರ ಮೇಲೆ ಹೆಸರೆಲ್ಲಿದೆ?” ಯಾರೂ ಬರೆದಿರಲಿಲ್ಲ. “ಹೆಸರಿಲ್ಲದ ಇಸಿಜಿ ಯಾರದ್ದು ಬೇಕಾದ್ರೂ ಆಗಬಹುದಲ್ವಾ?”

ನನ್ನ ಉತ್ತರ ಇಷ್ಟೇ. ನಾವು ಅಲ್ಲಿ ಹೋಗಿದ್ದೆವು ಅಂತ ತೋರಿಸಲು ನನ್ನ ಕೈಯಲ್ಲಿ ಕಾಗದ ಇರಲಿಲ್ಲ.

ಇನ್ನು ಕಾನೂನಿನ ದಾರಿಗಳ ವಿಷಯ. ಗ್ರಾಹಕರ ಕೋರ್ಟಿಗೆ ಹೋಗಬಹುದಿತ್ತಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಎಲ್ಲರಿಗೂ ಪುಕ್ಕಟೆಯಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯ್ದೆಯ ಒಳಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಚೀಟಿಗೆ ಕಟ್ಟುವ ಪುಡಿಗಾಸು ಲೆಕ್ಕಕ್ಕಿಲ್ಲ. ಕೆಲವರಿಂದಾದರೂ ಚಿಕಿತ್ಸೆಗೆ ದುಡ್ಡು ತೆಗೆದುಕೊಳ್ಳುವ ಆಸ್ಪತ್ರೆಯಾದರೆ ದಾರಿ ಇದೆ. ಪೊಲೀಸ್ ಕೇಸ್ ಅಂದರೆ, ಸಾಮಾನ್ಯ ತಪ್ಪು ಸಾಲದು, ಘೋರ ನಿರ್ಲಕ್ಷ್ಯ ಇರಬೇಕು, ಅದನ್ನು ಇನ್ನೊಬ್ಬ ವೈದ್ಯರು, ಸಾಧ್ಯವಾದರೆ ಸರ್ಕಾರಿ ವೈದ್ಯರೇ ನೋಡಿ ಅಭಿಪ್ರಾಯ ಕೊಡಬೇಕು ಅಂತ ಸುಪ್ರೀಂ ಕೋರ್ಟಿನದೇ 2005ರ ತೀರ್ಪು. ಈ ರಕ್ಷಣೆ ಬೇಕು, ಇಲ್ಲದಿದ್ದರೆ ಯಾವ ವೈದ್ಯರೂ ಕಷ್ಟದ ಕೇಸ್ ಮುಟ್ಟುವುದಿಲ್ಲ. ಆದರೆ ಅಭಿಪ್ರಾಯ ಕೊಡುವವರೂ ನೋಡುವುದು ಕಾಗದವನ್ನೇ.

ಹೈಕೋರ್ಟಿಗೆ ಅಥವಾ ಸುಪ್ರೀಂ ಕೋರ್ಟಿಗೆ ನೇರವಾಗಿ ಹೋದವರೂ ಇದ್ದಾರೆ. ಅವರಲ್ಲೊಬ್ಬರ ಕಥೆಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ. ಪಶ್ಚಿಮ ಬಂಗಾಳದ ಒಬ್ಬ ಕೂಲಿಯಾಳು, 1992ರ ಜುಲೈ 8ರ ಸಂಜೆ ಮಥುರಾಪುರ ಸ್ಟೇಷನ್ನಿನಲ್ಲಿ ರೈಲಿನಿಂದ ಬಿದ್ದ. ತಲೆಗೆ ಏಟು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೌಲಭ್ಯವಿಲ್ಲ ಅಂದರು. ಕಲ್ಕತ್ತಕ್ಕೆ ಹೋದರೆ ಒಂದಾದ ಮೇಲೊಂದು ದೊಡ್ಡ ಸರ್ಕಾರಿ ಆಸ್ಪತ್ರೆ, ರಾತ್ರಿಯೆಲ್ಲ ಅಲೆದಾಟ, ಎಲ್ಲ ಕಡೆ ಅದೇ ಮಾತು, ಬೆಡ್ ಇಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಖರ್ಚಾಗಿ ಜೀವ ಉಳಿಯಿತು. ಅವನಿದ್ದ ಕೃಷಿ ಕೂಲಿಕಾರರ ಸಂಘ, ಪಶ್ಚಿಮ್ ಬಂಗ ಖೇತ್ ಮಜ್ದೂರ್ ಸಮಿತಿ, ಅವನ ಜೊತೆ ನಿಂತು ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ಗೆದ್ದಿತು. ತುರ್ತಿನಲ್ಲಿ ಬಂದವನಿಗೆ ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ಕೊಡದಿದ್ದರೆ ಸಂವಿಧಾನದ 21ನೇ ವಿಧಿ ಕೊಟ್ಟಿರುವ ಬದುಕುವ ಹಕ್ಕನ್ನೇ ಕಿತ್ತುಕೊಂಡಂತೆ, ದುಡ್ಡಿಲ್ಲ ಅಂತ ಸರ್ಕಾರ ಕೈಯೆತ್ತುವ ಹಾಗಿಲ್ಲ ಅಂತ ಕೋರ್ಟ್ ಹೇಳಿತು. ಅವನಿಗೆ 25,000 ರೂಪಾಯಿ ಪರಿಹಾರ ಸಿಕ್ಕಿತು.

ಆ ತೀರ್ಪಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ಭಾಗ. ವಿಚಾರಣಾ ಸಮಿತಿಯೊಂದು ಮಾಡಿದ ಶಿಫಾರಸುಗಳನ್ನು ಕೋರ್ಟ್ ಅದರಲ್ಲಿ ಎತ್ತಿಹಿಡಿದಿದೆ. ತುರ್ತು ವಿಭಾಗಕ್ಕೆ ಬಂದವರ ಹೆಸರು, ವಯಸ್ಸು, ವಿಳಾಸ, ಕಾಯಿಲೆ ಬರೆಯಬೇಕು. ಬಂದ ದಿನ, ನೋಡಿದ ಸಮಯ ಬರೆಯಬೇಕು. ಸೇರಿಸಿಕೊಂಡರಾ, ಬೇರೆ ಕಡೆ ಕಳಿಸಿದರಾ ಅಂತ ಬರೆಯಬೇಕು. ನೋಡಿದ ವೈದ್ಯರು ಯಾರು ಅಂತ ಗೊತ್ತಾಗಬೇಕು. ಎಷ್ಟು ಸಣ್ಣ ವಿಷಯ ಅನ್ನಿಸುತ್ತದೆ ಅಲ್ವಾ? 1996ರಲ್ಲಿ ಹೇಳಿದ್ದು. ಇಪ್ಪತ್ತೊಂದು ವರ್ಷ ಆದ ಮೇಲೆ ನಮ್ಮ ಚಿಕ್ಕಪ್ಪನ ಹೆಸರನ್ನು ಯಾರೂ ಬರೆಯಲಿಲ್ಲ.

ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ದಾಖಲೆಗಳನ್ನು ಮೂರು ವರ್ಷ ಇಟ್ಟಿರಬೇಕು. ಆದರೆ ಇಟ್ಟಿರಬೇಕು ಅನ್ನುವ ಆ ಮಾತು ಒಳರೋಗಿಗಳ ದಾಖಲೆಗೆ. ಒಳಗೇ ಬಿಟ್ಟುಕೊಳ್ಳದವರ ದಾಖಲೆ ಎಲ್ಲಿಂದ ಬರಬೇಕು? ಅಡ್ಮಿಟ್ ಮಾಡಿಕೊಂಡು ತಪ್ಪು ಮಾಡಿದರೆ ಕೇಳಲು ಒಂದು ಕೇಸ್ ಶೀಟ್ ಇರುತ್ತದೆ. ಬಾಗಿಲಲ್ಲೇ ವಾಪಸ್ ಕಳಿಸಿದರೆ ಏನೂ ಇರುವುದಿಲ್ಲ. ‘ಮುಂದೆ ಹೋಗಿ’ ಅನ್ನುವುದೇ ಎಲ್ಲರಿಗೂ ಸುಲಭ ಆಗಿರುವುದು ಇದರಿಂದ.

ಯಾರನ್ನು ಕೇಳಬೇಕು ಅನ್ನುವುದೂ ಸುಲಭವಿಲ್ಲ. ತಾಲ್ಲೂಕು ಆಸ್ಪತ್ರೆ ಆರೋಗ್ಯ ಇಲಾಖೆಯದ್ದು. ಮೆಡಿಕಲ್ ಕಾಲೇಜಿಗೆ ಸೇರಿದ ಜಿಲ್ಲಾಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯದ್ದು. ರೋಗಿಗೆ ಇದು ಒಂದೇ ರಾತ್ರಿ, ಒಂದೇ ಎದೆನೋವು. ಕಚೇರಿಗಳಿಗೆ ಮಾತ್ರ ಬೇರೆ ಬೇರೆ ಫೈಲು. ನಾನು ಆರು ತಿಂಗಳು ಇವುಗಳ ನಡುವೆ ಓಡಾಡಿದೆ.

ಸುದ್ದಿಯಾದರೆ ಆಗ ಬೇರೆ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ಆದದ್ದು ನಿಮಗೆ ನೆನಪಿರಬಹುದು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಅಂತ ಹೆರಿಗೆ ನೋವಿನ ಹೆಂಗಸನ್ನು ಜಿಲ್ಲಾಸ್ಪತ್ರೆಯಿಂದ ವಾಪಸ್ ಕಳಿಸಿದರು ಅನ್ನುವ ಆರೋಪ. ಮನೆಯಲ್ಲೇ ಹೆರಿಗೆಯಾಗಿ ತಾಯಿ ಮತ್ತು ಅವಳಿ ಮಕ್ಕಳು, ಮೂರೂ ಜೀವ ಹೋದವು. ವೈದ್ಯರು ಮತ್ತು ನರ್ಸ್‌ಗಳನ್ನು ಸಸ್ಪೆಂಡ್ ಮಾಡಿದರು. ಕೋವಿಡ್ ಹೊತ್ತಿನಲ್ಲಿ, 2021ರ ಮೇ 2 ಮತ್ತು 3ರಂದು, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಜನ ಸತ್ತಾಗ, ಆಕ್ಸಿಜನ್ ಕೊರತೆಯಿಂದ ಸತ್ತವರು ಮೂವರು ಮಾತ್ರ ಅಂತ ಮೊದಲು ಸರ್ಕಾರ ಹೇಳಿತು. ಹೈಕೋರ್ಟ್ ಒಂದು ಸಮಿತಿ ಮಾಡಿ ಒಳಹೊಕ್ಕು ನೋಡಿಸಬೇಕಾಯಿತು. ನಮ್ಮ ಚಿಕ್ಕಪ್ಪನಂಥ ಒಂಟಿ ಸಾವಿಗೆ ಯಾವ ಸಮಿತಿ ಬರುತ್ತದೆ?

ಸಸ್ಪೆಂಡ್ ಮಾಡಿದರೆ ನನಗೆ ಸಮಾಧಾನ ಆಗುವುದಿಲ್ಲ. ಆ ಸಿಸ್ಟರನ್ನು ಸಸ್ಪೆಂಡ್ ಮಾಡಿದ್ದರೆ ಏನಾಗುತ್ತಿತ್ತು? ಹೆರಿಗೆ ವಾರ್ಡಿಗೂ ಕ್ಯಾಶುವಾಲ್ಟಿಗೂ ಇನ್ನೊಬ್ಬರನ್ನು ಒಂಟಿಯಾಗಿ ನಿಲ್ಲಿಸುತ್ತಿದ್ದರು, ಅಷ್ಟೇ. ಆ ಹುಡುಗ ಡಾಕ್ಟರ್ ಮೇಲೆ ನನಗೆ ಸಿಟ್ಟಿಲ್ಲ, ಓಡಿ ಬಂದವನು ಅವನೊಬ್ಬನೇ. ಆದರೆ ಫೋನ್ ಎತ್ತದ ಡಾಕ್ಟರ್ ಯಾರು? ಬೀಗದ ಕೈಯನ್ನು ಮನೆಗೆ ಒಯ್ಯಲು ಬಿಟ್ಟವರು ಯಾರು? ಬದುಕಿದ್ದವರನ್ನು ‘ತರುವಾಗಲೇ’ ಅಂತ ಬರೆಯಲು ಹೇಳಿದವರು ಯಾರು? ಈ ಮೂರು ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ನಿಮಗೆ ಹೀಗಾಗದಿರಲಿ. ಆದರೆ ಮನೆಯಲ್ಲಿ ಒಬ್ಬರಾದರೂ ಇದನ್ನು ತಿಳಿದುಕೊಂಡಿರಿ. ರೋಗಿಯ ಜೊತೆ ಇಬ್ಬರು ಹೋಗಿ, ಒಬ್ಬರು ರೋಗಿಯ ಹತ್ತಿರ ಇರಲಿ, ಇನ್ನೊಬ್ಬರು ಕಾಗದದ ಹಿಂದೆ ಇರಲಿ. ಮುಂದೆ ಹೋಗಿ ಅಂದರೆ ಬಂದ ಸಮಯ, ಕಳಿಸಿದ ಕಾರಣ ಬರೆಸಿಕೊಳ್ಳಿ, ಆದರೆ ಅದಕ್ಕಾಗಿ ರೋಗಿಯನ್ನು ಕಾಯಿಸಬೇಡಿ. ಬರೆದುಕೊಡದಿದ್ದರೆ ಕ್ಯಾಶುವಾಲ್ಟಿಯ ಬೋರ್ಡು ಕಾಣುವ ಹಾಗೆ ಒಂದು ಫೋಟೊ ತೆಗೆಯಿರಿ, ಫೋನಿನಲ್ಲಿ ಸಮಯ ತಾನಾಗಿ ದಾಖಲಾಗುತ್ತದೆ. ಕೂಗಾಡಬೇಡಿ, ಕೈ ಅಂತೂ ಎತ್ತಲೇಬೇಡಿ, ಅಲ್ಲಿಗೆ ನಿಮ್ಮ ಮಾತು ಮುಗಿಯಿತು. ಆಮೇಲೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಆ ರಾತ್ರಿಯ ಡ್ಯೂಟಿ ಪಟ್ಟಿ ಮತ್ತು ಕ್ಯಾಶುವಾಲ್ಟಿ ರಿಜಿಸ್ಟರಿನ ನಕಲು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ನಾನು ಅರ್ಜಿ ಹಾಕುವ ಹೊತ್ತಿಗೆ ವರ್ಷ ಕಳೆದಿತ್ತು. ಪಟ್ಟಿ ಲಭ್ಯವಿಲ್ಲ ಅಂತ ಉತ್ತರ ಬಂತು.

ಇಸಿಜಿ ಪಟ್ಟಿ ಸಿಕ್ಕರೆ ಅಲ್ಲೇ ಹೆಸರು ಬರೆಸಿ, ಆಗಲೇ ಫೋಟೊ ತೆಗೆಯಿರಿ. ಅದು ಬಿಸಿಗೆ ಅಚ್ಚಾಗುವ ಕಾಗದ, ಬಸ್ ಟಿಕೆಟ್ಟಿನ ಹಾಗೆ. ಚಿಕ್ಕಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ, ರೇಷನ್ ಕಾರ್ಡ್ ಜೊತೆ, ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಮೂರನೇ ವರ್ಷ ತೆಗೆದು ನೋಡಿದರೆ ಗೆರೆಗಳೆಲ್ಲ ಮಾಸಿ ಹೋಗಿದ್ದವು. 2:47 ಕೂಡ. ತಿಳಿ ಗುಲಾಬಿ ಬಣ್ಣದ ಸಣ್ಣ ಸಣ್ಣ ಚೌಕಗಳು ಮಾತ್ರ ಉಳಿದಿದ್ದವು.

ಹೋದ ವರ್ಷ ಅದೇ ಓಮ್ನಿಯ ಮಾಲೀಕರಿಗೆ ರಾತ್ರಿ ಹನ್ನೊಂದಕ್ಕೆ ಎದೆನೋವು ಬಂತು. ಅದೇ ತಾಲ್ಲೂಕು ಆಸ್ಪತ್ರೆ. ಈಗ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕಿನಲ್ಲೇ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ, ಹೃದಯಾಘಾತ ಅಂತಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಅವರಿಗೆ ಕೊಟ್ಟರು. ಬದುಕಿದರು. ಈಗ ಬೆಳಗ್ಗೆ ವಾಕಿಂಗ್ ಹೋಗುತ್ತಾರೆ.

ಆ ರಾತ್ರಿ ಮನೆಯಲ್ಲಿರಿ ಅಂದರೂ ಕೇಳದೆ ಚಿಕ್ಕಮ್ಮ ನಮ್ಮ ಜೊತೆ ಬಂದಿದ್ದರು. ಇಸಿಜಿ ಪಟ್ಟಿ ಹೊರಬರುತ್ತಿದ್ದ ಹಾಗೆ ಸಿಸ್ಟರ್ ಪಕ್ಕ ಹೋಗಿ ನಿಂತರು.

“ಹೆಸರು ಬರೀರಿ ಮೇಡಂ.”

ಸಿಸ್ಟರ್ ಪೆನ್ನು ತೆಗೆದು ಬರೆದರು.