ವರ್ಕೌಟ್ ಬದಲಿಸಿ, ಆದರೆ ಒಂದೊಂದಾಗಿ

ಜಿಮ್ ಟ್ರೈನರ್ ಆದ ನನಗೆ ಪದೇ ಪದೇ ಕೇಳಿಬರುವ ದೂರು ಇದು: "ಸರ್, ಮೊದಮೊದಲು ಚೆನ್ನಾಗಿ ವ್ಯತ್ಯಾಸ ಕಾಣ್ತಿತ್ತು, ಈಗ ಏನೂ ಆಗ್ತಿಲ್ಲ." ಹೀಗೆ ಹೇಳುವವರು ಕಳ್ಳಬೀಳುವವರಲ್ಲ, ಒಂದು ದಿನವೂ ತಪ್ಪಿಸದವರು. ಅದಕ್ಕೇ ಅವರ ಬೇಸರ ನೋಡಿದರೆ ನನಗೆ ಸಂಕಟವಾಗುತ್ತದೆ. ವರ್ಕೌಟ್ ಬರೆದಿಟ್ಟ ಪುಸ್ತಕ ಇದೆಯಾ ಎಂದು ಮೊದಲು ಕೇಳುತ್ತೇನೆ.

ಒಬ್ಬರ ಪುಸ್ತಕ ತೆರೆದರೆ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಅಂಗಾತ ಮಲಗಿ ಭಾರದ ಬಾರ್ ಮೇಲಕ್ಕೆ ತಳ್ಳುವುದು) 40 ಕೆಜಿ, 10 ರೆಪ್ಸ್, 3 ಸೆಟ್. ಅಂದರೆ ಬಿಡದೆ ಹತ್ತು ಸಲ ಎತ್ತಿದರೆ ಒಂದು ಸೆಟ್, ಅಂಥವು ಮೂರು. ಮುಂದಿನ ಪುಟದಲ್ಲೂ ಅದೇ, ಅದರ ಮುಂದೆಯೂ ಅದೇ. ಅಷ್ಟು ಭಾರಕ್ಕೆ ಮೈ ಯಾವತ್ತೋ ಒಗ್ಗಿಹೋಗಿದೆ. ಇನ್ನಷ್ಟು ಬಲ ಬೆಳೆಸಿಕೊಳ್ಳುವ ಅಗತ್ಯ ಅದಕ್ಕೆ ಬಿದ್ದೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲಿಗೆ ಶಕ್ತಿ ತರಲು ಅಮೆರಿಕದ ವೈದ್ಯ ಥಾಮಸ್ ಡಿಲಾರ್ಮ್ ಹಂತಹಂತವಾಗಿ ಭಾರ ಏರಿಸುವ ಕ್ರಮ ರೂಪಿಸಿ, 1945ರಲ್ಲಿ ಪ್ರಕಟಿಸಿದರು. ಜಿಮ್‌ಗಳಲ್ಲಿ ಇಂದಿಗೂ ನಡೆಯುವ 10 ರೆಪ್ಸ್ ಲೆಕ್ಕಕ್ಕೆ ಅವರ ಕೆಲಸವೇ ದೊಡ್ಡ ಆಧಾರ. ಅದರ ಜೀವಾಳ ಮಾತ್ರ 10 ಅಲ್ಲ, ಏರಿಸುವುದು.

ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ. ವಾರಕ್ಕೊಂದು ಹೊಸ ವರ್ಕೌಟ್. ಮೈಕೈ ನೋವು ಬಂದರೆ ಕೆಲಸ ಮಾಡಿತು ಅನ್ನುವ ನಂಬಿಕೆ. ಹೊಸ ವ್ಯಾಯಾಮ ಯಾರಿಗಾದರೂ ನೋವು ತರುತ್ತದೆ. ಅದೇ ವ್ಯಾಯಾಮವನ್ನು ಮತ್ತೆ ಮಾಡಿದಾಗ ನೋವು ಎಷ್ಟೋ ಕಡಿಮೆ. ಹಾಗಾಗಿ ನೋವು ಹೇಳುವುದು ಹೆಚ್ಚಾಗಿ ಹೊಸತನದ ಬಗ್ಗೆ, ಬೆಳವಣಿಗೆಯ ಬಗ್ಗೆ ಅಲ್ಲ. ಇನ್ನೊಂದು ವಿಷಯ ಗೊತ್ತಿರಬೇಕು. ಯಾವುದೇ ವ್ಯಾಯಾಮದ ಮೊದಲ ಕೆಲವು ವಾರಗಳಲ್ಲಿ ಏರುವ ಬಲದಲ್ಲಿ ದೊಡ್ಡ ಪಾಲು ನರಮಂಡಲದ ಕಲಿಕೆಯದು. ಮಾಂಸಖಂಡ ಬೆಳೆಯುವುದು ಕಣ್ಣಿಗೆ ಕಾಣಲು ಅದಕ್ಕಿಂತ ಹೆಚ್ಚು ಕಾಲ ಬೇಕು. ವಾರವಾರ ಬದಲಿಸುವವರು ಕಲಿಕೆಯ ಮೆಟ್ಟಿಲಲ್ಲೇ ನಿಂತುಬಿಡುತ್ತಾರೆ.

ಆದ್ದರಿಂದ ಬೆಂಚ್ ಪ್ರೆಸ್ ಮಾಡುವವರಿಗೆ ನಾನು ವ್ಯಾಯಾಮ ಬದಲಿಸಲಿಲ್ಲ, ರೆಪ್ಸ್ ಇಳಿಸಿ ಅದಕ್ಕೆ ತಕ್ಕಷ್ಟು ಭಾರ ಏರಿಸಿದೆ. 45 ಕೆಜಿಗೆ 5 ರೆಪ್ಸ್, 5 ಸೆಟ್, ನಡುವೆ ಮೂರು ನಿಮಿಷ ವಿಶ್ರಾಂತಿ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದುದು ಬಾರ್ ಮೇಲೇಳುವ ವೇಗ. ಮೊದಮೊದಲು ನಾಲ್ಕನೇ ರೆಪ್‌ನಲ್ಲೇ ಬಾರ್ ಅರ್ಧದಲ್ಲಿ ತಡವರಿಸುತ್ತಿತ್ತು, ಮೊಣಕೈಗಳು ಹೊರಕ್ಕೆ ಚಾಚಿಕೊಳ್ಳುತ್ತಿದ್ದವು. ಕ್ರಮೇಣ ಐದನೆಯದೂ ಸಲೀಸಾಗಿ ಎದ್ದಿತು. ಆಮೇಲಷ್ಟೇ ಮತ್ತೆ ಭಾರ ಏರಿಸಿದ್ದು. ಕೆಲವು ವಾರಗಳ ನಂತರ ಹಳೆಯ 40 ಕೆಜಿಗೆ ಮರಳಿದಾಗ 10 ದಾಟಿ ಮುಂದೆ ಹೋದರು. ಅವರ ಮುಖದಲ್ಲಿ ಆಗ ಕಂಡ ಖುಷಿಗಾಗಿಯೇ ನಾನು ಈ ಕೆಲಸ ಮಾಡುವುದು.

ಮುಂದಿನ ಹಂತದಲ್ಲಿ ಬಾರ್ ಬದಲು ಡಂಬಲ್, ಅಂಗೈಗಳು ಎದುರುಬದುರು. ಭುಜದ ಮುಂಭಾಗ ಹಿಡಿದಂತಾಗುವ ಹಲವರಿಗೆ ಈ ಹಿಡಿತ ಹಿತವೆನಿಸುತ್ತದೆ. ಒಂದೇ ಸಲಕ್ಕೆ ಭಾರ, ರೆಪ್ಸ್, ವ್ಯಾಯಾಮ ಮೂರನ್ನೂ ಬದಲಿಸಿದರೆ ಯಾವುದರಿಂದ ಫಲ ಸಿಕ್ಕಿತು ಎಂದು ಯಾರಿಗೂ ತಿಳಿಯದು. ಹೀಗೆ ಹಂತಗಳಾಗಿ ವಿಂಗಡಿಸಿ ತರಬೇತಿ ಕೊಡುವ ಪದ್ಧತಿಯನ್ನು 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಕ್ರೀಡಾ ವಿಜ್ಞಾನಿ ಲೆವ್ ಮತ್ವೇಯೆವ್ ಶಾಸ್ತ್ರವಾಗಿ ಬರೆದರು. ಅದು ಕ್ರೀಡಾಪಟುಗಳಿಗಾಗಿ ಇದ್ದದ್ದು. ಆಫೀಸು, ಮನೆ, ಮಕ್ಕಳು ಅಂತ ಓಡಾಡುವವರಿಗೆ ಅಷ್ಟು ಬಿಗಿ ಬೇಡ ಎಂಬುದು ನನ್ನ ಅಭಿಪ್ರಾಯ.

ಟ್ರೆಡ್‌ಮಿಲ್‌ಗೂ ಇದೇ ಮಾತು. ದಿನವೂ ಒಂದೇ ವೇಗದಲ್ಲಿ ನಡೆಯುವವರು ಒಂದು ದಿನ ನಿಧಾನವಾಗಿ ಹೆಚ್ಚು ಹೊತ್ತು ನಡೆಯಲಿ, ಇನ್ನೊಂದು ದಿನ ಒಂದು ನಿಮಿಷ ಜೋರು, ಎರಡು ನಿಮಿಷ ಹಗುರ. 65 ದಾಟಿದವರು ಬಲದ ವ್ಯಾಯಾಮದ ಜತೆ ಸಮತೋಲನದ ಅಭ್ಯಾಸವನ್ನೂ ವಾರಕ್ಕೆ 3 ದಿನವಾದರೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಬೀಳದಂತೆ ಕಾಪಾಡುವ ಈ ಭಾಗವನ್ನು ನಾನು ಯಾವ ಕಾರಣಕ್ಕೂ ಕೈಬಿಡುವುದಿಲ್ಲ.

ಹೊಸಬರಿಗೆ ಮಾತ್ರ ಎರಡು ಮೂರು ತಿಂಗಳು ಏನನ್ನೂ ಬದಲಿಸಿಕೊಡುವುದಿಲ್ಲ. ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಪ್ರೆಸ್ (ತಳ್ಳುವುದು), ರೋ (ಮೈಯತ್ತ ಎಳೆಯುವುದು), ಡೆಡ್‌ಲಿಫ್ಟ್ (ನೆಲದಿಂದ ಎತ್ತುವುದು). ಭಾರ ಏರುತ್ತಿರುವಷ್ಟು ದಿನ ಅವರಿಗೆ ಅಷ್ಟೇ ಸಾಕು. ಮಾಂಸಖಂಡದಷ್ಟು ಬೇಗ ಅದನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುಗಳು ಗಟ್ಟಿಯಾಗುವುದಿಲ್ಲ, ಹಾಗಾಗಿ ಆ ಏರಿಕೆಯೂ ಸಣ್ಣ ಪ್ಲೇಟ್‌ಗಳಲ್ಲೇ ನಡೆಯಬೇಕು.