ಒಂದು ಜಾಲಿಗಿಡವೂ ಇಲ್ಲದ ಬಯಲು

ನಾಸಾದ ಕ್ಯೂರಿಯಾಸಿಟಿ ರೋವರ್, ಅಂದರೆ ಗಾಲಿಗಳ ಮೇಲೆ ಓಡಾಡುವ ಯಂತ್ರ, ಮಂಗಳದ ಗೇಲ್ ಕುಳಿಯಲ್ಲಿ ಇಳಿದ ಸುದ್ದಿ ಭೂಮಿಗೆ ತಲುಪಿದಾಗ ನಮ್ಮಲ್ಲಿ 2012ರ ಆಗಸ್ಟ್ 6ರ ಬೆಳಗಿನ ಹನ್ನೊಂದು ಗಂಟೆ. ಮೊದಲು ಬಂದದ್ದು 64×64 ಚುಕ್ಕಿಗಳ ಕಪ್ಪುಬಿಳುಪಿನ ಚಿತ್ರ. ಧೂಳು ಮೆತ್ತಿದ ಮಸೂರದ ಮುಚ್ಚಳದ ಮೂಲಕವೇ ತೆಗೆದಿದ್ದ ಅದರಲ್ಲಿ ಒಂದು ಚಕ್ರ, ಒಂದಿಷ್ಟು ಮಸುಕು ನೆಲ, ಅಷ್ಟೇ. ಅಷ್ಟಕ್ಕೇ ನಿಯಂತ್ರಣ ಕೊಠಡಿಯಲ್ಲಿದ್ದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು, ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಮಧ್ಯರಾತ್ರಿ ಕಳೆದಿದ್ದರೂ ದೊಡ್ಡ ಪರದೆಯ ಮುಂದೆ ನಿಂತಿದ್ದ ಜನ ಕೇಕೆ ಹಾಕಿದರು.

ಕೆಲವು ವಾರಗಳ ನಂತರ ಅದೇ ರೋವರ್ ಕಳಿಸಿದ ಬಣ್ಣದ ಚಿತ್ರವೊಂದನ್ನು ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದ ಅಮ್ಮ, ‘ಹಿರಿಯೂರಿನ ಕಡೆಯ ಬಯಲಿದ್ದ ಹಾಗಿದೆ’ ಎಂದಳು. ತುಸು ತಡೆದು, ‘ಒಂದು ಜಾಲಿಗಿಡವೂ ಇಲ್ಲವಲ್ಲೋ’ ಎಂದು ಸೇರಿಸಿದಳು. ಈ ಚಿತ್ರಗಳು ಜನರನ್ನು ಏಕೆ ಇಷ್ಟು ಹಿಡಿದಿಟ್ಟಿವೆ ಎಂದು ಯೋಚಿಸುವಾಗಲೆಲ್ಲ ನನಗೆ ಆ ಎರಡು ಮಾತುಗಳೇ ನೆನಪಾಗುತ್ತವೆ.

ಮೊದಲನೆಯ ಮಾತು ಪರಿಚಯದ್ದು. ಬೆಂಗಳೂರಿನಿಂದ ನಿಯಂತ್ರಿಸುತ್ತಿದ್ದ ನಮ್ಮ ಮಂಗಳಯಾನ 2014ರಲ್ಲಿ ಸುಮಾರು 74,500 ಕಿಲೋಮೀಟರ್ ದೂರದಿಂದ ತೆಗೆದ ಇಡೀ ಗೋಳದ ಚಿತ್ರ ನನಗೆ ಬಹಳ ಪ್ರಿಯವಾದದ್ದು; ಆದರೆ ಅದನ್ನು ನೋಡುವವರು ಆಕಾಶದಲ್ಲಿ ತೇಲುತ್ತಿರುತ್ತಾರೆ, ಎಲ್ಲಿಯೂ ನಿಂತಿರುವುದಿಲ್ಲ. 2004ರಲ್ಲಿ ಇಳಿದ ಸ್ಪಿರಿಟ್ ಮತ್ತು ಆಪರ್ಚುನಿಟಿ ರೋವರ್‌ಗಳಲ್ಲಿ ಕಂಬದ ತುದಿಯ ಕ್ಯಾಮೆರಾ ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿತ್ತು, ಅಂದರೆ ಹೆಚ್ಚುಕಡಿಮೆ ನಿಂತ ಮನುಷ್ಯನ ಕಣ್ಣಿನ ಎತ್ತರದಲ್ಲಿ. ಕಾಲಬುಡದಲ್ಲಿ ಕಲ್ಲು, ದೂರದಲ್ಲಿ ಗುಡ್ಡ, ನಡುವೆ ತಾನೇ ನಡೆದುಬಂದ ಗಾಲಿಯ ಗುರುತು: ಇಂಥ ನೋಟವನ್ನು ಅರ್ಥಮಾಡಿಕೊಳ್ಳಲು ಯಾರಿಗೂ ಪಾಠ ಬೇಕಿಲ್ಲ. ಆದರೂ ಅಮ್ಮನ ಹಿರಿಯೂರಿನಲ್ಲಿ ವಿಜ್ಞಾನಿಗಳ ಕೈವಾಡವೂ ಸ್ವಲ್ಪ ಇತ್ತೆನ್ನಬೇಕು. ಬಂಡೆಗಳನ್ನು ಗುರುತಿಸಲು ಸುಲಭವಾಗಲೆಂದು, ಭೂಮಿಯ ಬೆಳಕಿನಲ್ಲಿ ಅವು ಹೇಗೆ ಕಾಣುತ್ತಿದ್ದವೋ ಹಾಗೆ ಕ್ಯೂರಿಯಾಸಿಟಿಯ ಅನೇಕ ಚಿತ್ರಗಳ ಬಣ್ಣವನ್ನು ಹೊಂದಿಸಿ ಪ್ರಕಟಿಸುತ್ತಾರೆ. ಅಮ್ಮ ನೋಡಿದ್ದು ಅಂಥದೇ ಒಂದು. 1976ರಲ್ಲಿ ಮಂಗಳಕ್ಕಿಳಿದ ವೈಕಿಂಗ್ 1 ನೌಕೆಯ ಮೊದಲ ಬಣ್ಣದ ಚಿತ್ರದಲ್ಲಿ ಮಂಗಳದ ಆಕಾಶ ನೀಲಿಯಾಗಿ ಕಂಡಿತ್ತು. ಬಣ್ಣ ಸರಿಪಡಿಸಿದ ಮೇಲೆ ಅದು ನಸುಗೆಂಪು ಎಂದು ಪ್ರಕಟಿಸಿದಾಗ, ಸೇರಿದ್ದ ಪತ್ರಕರ್ತರು ತಮಾಷೆಗೆ ‘ಬೂ’ ಎಂದು ಕೂಗಿದರಂತೆ. ಆ ಕೂಗು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಅಮ್ಮನ ಎರಡನೆಯ ಮಾತು ಇನ್ನೂ ಸೂಕ್ಷ್ಮವಾದದ್ದು. ಗಿಡವಿಲ್ಲ, ಮನೆಯಿಲ್ಲ, ದನವಿಲ್ಲ. ಆದ್ದರಿಂದ ಯಾವುದು ಎಷ್ಟು ದೊಡ್ಡದು ಎಂದು ಅಳೆಯಲು ಕಣ್ಣಿಗೆ ಆಧಾರವೇ ಇಲ್ಲ. 2007ರ ನವೆಂಬರಿನಲ್ಲಿ ಸ್ಪಿರಿಟ್ ತೆಗೆದ ಚಿತ್ರವೊಂದರಲ್ಲಿ ಇಳಿಜಾರಿನಲ್ಲಿ ಕೈಚಾಚಿ ಕುಳಿತ ಹೆಂಗಸಿನಂಥ ಆಕೃತಿಯನ್ನು ಜನ ಪತ್ತೆಹಚ್ಚಿದರು. ಅದು ರೋವರಿನಿಂದ ಕೆಲವೇ ಮೀಟರ್ ದೂರದಲ್ಲಿದ್ದ, ಕೆಲವೇ ಸೆಂಟಿಮೀಟರ್ ಎತ್ತರದ ಕಲ್ಲು. 2022ರ ಮೇ 7ರಂದು ಕ್ಯೂರಿಯಾಸಿಟಿ ತೆಗೆದ ಚಿತ್ರದಲ್ಲಿ ಬಂಡೆಯಲ್ಲಿ ಕಡೆದಂಥ ಬಾಗಿಲು ಕಂಡಿತು. ಒಳಗೆ ಯಾರಿರಬಹುದು ಎಂಬ ಚರ್ಚೆ ಎಷ್ಟೋ ದಿನ ನಡೆಯಿತು; ಬಿರುಕಿನ ಎತ್ತರವಾದರೋ ಸುಮಾರು 30 ಸೆಂಟಿಮೀಟರ್, ಬೆಕ್ಕು ಮಾತ್ರ ನುಸುಳಬಹುದಾದಷ್ಟು.

ಇವುಗಳಲ್ಲಿ ನನಗೆ ಅಚ್ಚುಮೆಚ್ಚಿನದು 2014ರ ಜನವರಿಯ ಕಲ್ಲು. ಆಪರ್ಚುನಿಟಿ ಹನ್ನೆರಡು ಮಂಗಳದಿನಗಳ ಅಂತರದಲ್ಲಿ ಒಂದೇ ಜಾಗದ ಎರಡು ಚಿತ್ರ ತೆಗೆದಿತ್ತು. ಮೊದಲನೆಯದರಲ್ಲಿ ಇಲ್ಲದ, ಬಿಳಿಯ ಅಂಚು ಮತ್ತು ಕಡುಗೆಂಪು ನಡುವಿನ, ಜಾಮ್ ತುಂಬಿದ ಡೋನಟ್ಟಿನಂಥ ಕಲ್ಲು ಎರಡನೆಯದರಲ್ಲಿ ಹಾಜರಾಗಿತ್ತು. ಅದು ಜೀವಿಯೇ ಇರಬೇಕೆಂದು ನಂಬಿದ ಒಬ್ಬರು ನಾಸಾ ಸರಿಯಾಗಿ ಪರೀಕ್ಷಿಸುತ್ತಿಲ್ಲವೆಂದು ಕೋರ್ಟಿಗೂ ಹೋದರು. ಕೊನೆಗೆ ತಿಳಿದದ್ದು, ರೋವರಿನ ಗಾಲಿಯೇ ಒಂದು ಬಂಡೆಯನ್ನು ತುಳಿದು ಮುರಿದು, ಸುಮಾರು ನಾಲ್ಕು ಸೆಂಟಿಮೀಟರಿನ ಚೂರನ್ನು ಅಲ್ಲಿಗೆ ಉರುಳಿಸಿತ್ತು ಎಂದು. ಇಂಥವರನ್ನು ಗೇಲಿ ಮಾಡುವುದು ಸುಲಭ. ಆದರೆ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವಷ್ಟು ತಾಳ್ಮೆ ತೋರಿದವರನ್ನು ನಗುವುದಕ್ಕೆ ನನಗೇಕೋ ಮನಸ್ಸಾಗುವುದಿಲ್ಲ.

ಹೋಲಿಸಲು ಸಾಧ್ಯವಾದದ್ದೂ ಚಿತ್ರಗಳು ಆರಿಸದೆ, ತಿದ್ದದೆ, ಬಂದಂತೆಯೇ ಅಂತರಜಾಲಕ್ಕೆ ಏರುತ್ತಿದ್ದುದರಿಂದ. ಸ್ಟೀವ್ ಸ್ಕ್ವೈರ್ಸ್ ಮುಂದಾಳತ್ವದ ವಿಜ್ಞಾನಿಗಳ ತಂಡ ಇನ್ನೂ ನೋಡಿರದ ಕಲ್ಲನ್ನು ಎಲ್ಲೋ ಒಬ್ಬ ಶಾಲಾಬಾಲಕ ಮೊದಲು ನೋಡಿಬಿಡಬಹುದಿತ್ತು. ಸಿಂಗರಿಸಿ ಪ್ರಕಟಿಸುವ ವಿಶಾಲದೃಶ್ಯಗಳಿಗಿಂತ ನಾನು ಆ ಕಚ್ಚಾ ಚಿತ್ರಗಳಲ್ಲೇ ಹೆಚ್ಚು ಹೊತ್ತು ಕಳೆದಿದ್ದೇನೆ. ಮುಕ್ಕಾಲುಪಾಲು ಬರೀ ಮರಳು, ಗಾಲಿ, ರೋವರಿನದೇ ನೆರಳು.

2018ರ ಜೂನ್ 10ರ ಚಿತ್ರವೂ ಅಂಥದೇ. ಧೂಳಿನ ಬಿರುಗಾಳಿ ಸೂರ್ಯನನ್ನು ಮುಚ್ಚಿದಾಗ ಆಪರ್ಚುನಿಟಿ ಕಳಿಸತೊಡಗಿದ್ದ ಕೊನೆಯ ಚಿತ್ರವದು. ‘ಬ್ಯಾಟರಿ ಕ್ಷೀಣಿಸಿದೆ, ಕತ್ತಲಾಗುತ್ತಿದೆ’ ಎಂದು ಅದು ಹೇಳಿತೆಂಬ ಮಾತು ಊರೆಲ್ಲ ಹರಡಿತು. ವಾಸ್ತವದಲ್ಲಿ ಅದು ಅಂಕಿಅಂಶಗಳ ಭಾವವನ್ನು ಒಬ್ಬ ವರದಿಗಾರ ತನ್ನ ಮಾತಿನಲ್ಲಿ ಇಟ್ಟದ್ದು. ರೋವರ್ ಕಳಿಸಿದ್ದು ಬೂದು ಕತ್ತಲೆಯ ಮೇಲೆ ಕ್ಯಾಮೆರಾದ ಸಂಕೇತದಲ್ಲಿನ ಏರುಪೇರಿನಿಂದ ಮೂಡಿದ ಬಿಳಿಯ ಚುಕ್ಕಿಗಳನ್ನು, ಕೆಳಗೆ ಒಂದು ಕಪ್ಪು ಪಟ್ಟಿ. ಅಷ್ಟು ಭಾಗ ಬರುವ ಮೊದಲೇ ಪ್ರಸಾರ ನಿಂತಿತ್ತು.