ಆಟೋ ಹೈ ಬೀಮ್ ಮತ್ತು ಒಂದು ಇರುಳಿನ ಹಾದಿ

ಬೀದಿದೀಪಗಳ ಸಾಲು ಮುಗಿದು ಕಾರಿನ ವೇಗ ಗಂಟೆಗೆ 30–40 ಕಿ.ಮೀ. ದಾಟಿತೆಂದರೆ ಡ್ಯಾಶ್‌ಬೋರ್ಡಿನಲ್ಲಿ ನೀಲಿ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಮುಂದಿನ ರಸ್ತೆ ಒಮ್ಮೆಲೇ ಉದ್ದವಾಗುತ್ತದೆ. ಬದಿಯ ಮರಗಳ ಕಾಂಡ, ದೂರದ ಫಲಕ, ಡಾಂಬರಿನ ಅಂಚು ಕುಸಿದ ಜಾಗ ಎಲ್ಲವೂ ಕಾಣತೊಡಗುತ್ತವೆ. ದೂರಕ್ಕೆ ಬೀಳುವ ಹೈ ಬೀಮನ್ನು ತಾನಾಗಿ ಹಚ್ಚಿ, ಎದುರಿಗೆ ವಾಹನ ಕಂಡಾಗ ತಗ್ಗಿದ ಲೋ ಬೀಮಿಗೆ ತಾನೇ ಇಳಿಸುವ ವ್ಯವಸ್ಥೆಯೇ ಆಟೋ ಹೈ ಬೀಮ್. ಅದು ಇರುವ ಕಾರಿನ ರಾತ್ರಿ ಪ್ರಯಾಣ ಶುರುವಾಗುವುದು ಹೀಗೆ. ಮೊದಲ ಕೆಲವು ನಿಮಿಷ ದೂರಲು ಏನೂ ಇರುವುದಿಲ್ಲ. ರಸ್ತೆ ಬಾಗಿದಾಗ, ಏರಿದಾಗ, ಎದುರಿಗೆ ಯಾರಾದರೂ ಬಂದಾಗ ಕಿರಿಕಿರಿ ಶುರು.

ಡ್ಯಾಶ್‌ಬೋರ್ಡಿನ ಎರಡು ಗುರುತುಗಳನ್ನು ಬಹಳ ಮಂದಿ ಒಂದೇ ಎಂದುಕೊಳ್ಳುತ್ತಾರೆ. ಹೆಡ್‌ಲೈಟ್ ಚಿತ್ರದ ಜೊತೆ ‘ಎ’ ಅಥವಾ ‘ಆಟೋ’ ಎಂದು ಹಸಿರು ಇಲ್ಲವೇ ಬಿಳಿ ಬಣ್ಣದಲ್ಲಿ ಕಂಡರೆ ವ್ಯವಸ್ಥೆ ಸಿದ್ಧವಾಗಿದೆ ಎಂದಷ್ಟೇ ಅರ್ಥ. ನೀಲಿ ಗುರುತು ಬೆಳಗಿದಾಗ ಮಾತ್ರ ಹೈ ಬೀಮ್ ನಿಜವಾಗಿ ಉರಿಯುತ್ತಿದೆ. ಎದುರಿನವರು ಲೈಟ್ ಮಿನುಗಿಸಿದಾಗ ಮೊದಲು ನೋಡಬೇಕಾದದ್ದು ಈ ನೀಲಿಯನ್ನು. ಅದು ಆರಿದ್ದರೂ ಅವರು ಮಿನುಗಿಸುತ್ತಿದ್ದಾರೆಂದರೆ ನಮ್ಮ ಲೋ ಬೀಮೇ ಮೇಲಕ್ಕೆದ್ದಿದೆ ಎಂದು ಅನುಮಾನಿಸಬೇಕು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಒಳಗಿನ ಕನ್ನಡಿಯ ಹಿಂದೆ, ಮುಂದಿನ ಗಾಜಿಗೆ ಅಂಟಿಕೊಂಡಂತೆ ಇರುವ ಕ್ಯಾಮೆರಾ ಈ ವ್ಯವಸ್ಥೆಯ ಕಣ್ಣು. ಲೇನ್ ಗೆರೆಗಳನ್ನು ಗಮನಿಸುವುದೂ ಸಾಮಾನ್ಯವಾಗಿ ಇದೇ ಕ್ಯಾಮೆರಾ. ಕತ್ತಲಲ್ಲಿ ಅದಕ್ಕೆ ಸ್ಪಷ್ಟವಾಗಿ ಕಾಣುವುದು ಬೆಳಕಿನ ಚುಕ್ಕೆಗಳು. ಬಿಳಿ ಚುಕ್ಕೆಯಾದರೆ ಎದುರಿನ ಹೆಡ್‌ಲೈಟ್ ಇರಬಹುದು, ಕೆಂಪಾದರೆ ಮುಂದೆ ಹೋಗುತ್ತಿರುವ ವಾಹನದ ಟೇಲ್ ಲ್ಯಾಂಪ್ ಇರಬಹುದು. ಚುಕ್ಕೆ ಜೋಡಿಯಾಗಿದೆಯೇ, ಒಂದು ಚಿತ್ರದಿಂದ ಮುಂದಿನದಕ್ಕೆ ಹೇಗೆ ಸರಿಯಿತು, ಎಷ್ಟು ಎತ್ತರದಲ್ಲಿದೆ ಎಂಬುದನ್ನೆಲ್ಲ ಹಲವು ಚಿತ್ರಗಳಲ್ಲಿ ಹೋಲಿಸಿದ ಮೇಲೆಯೇ ಅದು ತೀರ್ಮಾನಕ್ಕೆ ಬರುತ್ತದೆ. ಲೈಟ್ ಇಳಿಸುವ ತೀರ್ಮಾನ ಬೇಗ ಆಗುತ್ತದೆ. ಮತ್ತೆ ಏರಿಸುವುದನ್ನು ಬೇಕೆಂದೇ ನಿಧಾನವಾಗಿ ಇಟ್ಟಿರುತ್ತಾರೆ, ಇಲ್ಲದಿದ್ದರೆ ಪ್ರತಿ ಚುಕ್ಕೆಗೂ ದೀಪ ಕುಣಿಯುತ್ತದೆ.

1952ರಲ್ಲಿ ಜನರಲ್ ಮೋಟರ್ಸ್ ಕಂಪನಿಯು ಓಲ್ಡ್ಸ್‌ಮೊಬೀಲ್ ಮತ್ತು ಕ್ಯಾಡಿಲಾಕ್ ಕಾರುಗಳ ಡ್ಯಾಶ್‌ಬೋರ್ಡಿನ ಮೇಲೆ ‘ಆಟ್ರಾನಿಕ್ ಐ’ ಎಂಬ ಸಾಧನ ಕೂರಿಸಿತ್ತು. ಅದರೊಳಗಿದ್ದ ಫೋಟೊಟ್ಯೂಬಿಗೆ (ಬೆಳಕನ್ನು ಗ್ರಹಿಸುವ ನಳಿಕೆಗೆ) ಗೊತ್ತಾಗುತ್ತಿದ್ದುದು ಬಿದ್ದ ಬೆಳಕು ಎಷ್ಟು ಎಂಬುದು ಮಾತ್ರ. ಇಂದಿನ ಕ್ಯಾಮೆರಾ ಬಣ್ಣ, ಆಕಾರ, ಚಲನೆಗಳನ್ನೂ ನೋಡುತ್ತದೆ. ಆದರೂ ಮೂಲ ಮಿತಿ ಉಳಿದೇ ಇದೆ: ಬೆಳಕು ಕಣ್ಣಿಗೆ ಬಿದ್ದ ಮೇಲೆ ಅದು ಕೆಲಸ ಮಾಡುತ್ತದೆ. ರಾತ್ರಿ ಓಡಿಸಿ ಪಳಗಿದವರು ಬೆಳಕು ಬೀಳುವ ಮೊದಲೇ ಡಿಪ್ ಮಾಡಿರುತ್ತಾರೆ. ನಮ್ಮ ಕಿರಿಕಿರಿಯ ಬಹುಪಾಲು ಈ ಅಂತರದಲ್ಲಿದೆ.

ಅಂತರ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಬಹುದು. ಎರಡು ಕಾರು 80 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಬಂದರೆ ಪ್ರತಿ ಸೆಕೆಂಡಿಗೆ ಸುಮಾರು 44 ಮೀಟರ್ ಹತ್ತಿರವಾಗುತ್ತವೆ. ತೀರ್ಮಾನ ಎರಡು ಸೆಕೆಂಡ್ ತಡವಾದರೆ 88 ಮೀಟರ್ ಹೋಯಿತು. ಕಾರುಗಳ ದೀಪಗಳಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 48ನೇ ನಿಯಮದ ಪ್ರಕಾರ, ಈ ಸೆನ್ಸರ್ ಎದುರಿನಿಂದ ಬರುವ ವಾಹನವನ್ನು ಕನಿಷ್ಠ 400 ಮೀಟರ್ ದೂರದಿಂದಲೂ ಮುಂದೆ ಹೋಗುತ್ತಿರುವುದನ್ನು ಕನಿಷ್ಠ 100 ಮೀಟರ್ ದೂರದಿಂದಲೂ ಗುರುತಿಸಬೇಕು. ದೀಪವಿರುವ ಸೈಕಲ್ಲಿಗಾದರೆ 75 ಮೀಟರ್ ಸಾಕು. ಕಣ್ಣಿಗೆ ಏನೂ ಅಡ್ಡವಿಲ್ಲದ ನೇರ ರಸ್ತೆಯಲ್ಲಿ 400 ಮೀಟರ್ ಒಳ್ಳೆಯ ಅಂತರವೇ. ಅಲ್ಲಿ ಆಟೋ ಹೈ ಬೀಮ್ ಚೆನ್ನಾಗಿ ಕೆಲಸ ಮಾಡುತ್ತದೆ. ದಣಿದು, ಡಿಪ್ ಮಾಡಲು ಮರೆಯುವ ಮನುಷ್ಯನಿಗಿಂತ ಎಷ್ಟೋ ಮೇಲು ಎಂದು ಒಪ್ಪಿಕೊಳ್ಳಲು ನನಗೆ ಹಿಂಜರಿಕೆಯಿಲ್ಲ.

ಏರು ಬರಲಿ. ನೆತ್ತಿಯ ಆಚೆ ಬರುತ್ತಿರುವ ವಾಹನದ ದೀಪ ಕಾಣುವ ಮೊದಲೇ ಅದರ ಹೊಳಪು ಆಕಾಶದ ಅಂಚಿನಲ್ಲಿ, ಮರದ ಎಲೆಗಳಲ್ಲಿ, ವಿದ್ಯುತ್ ತಂತಿಗಳ ಮೇಲೆ ಹರಡಿರುತ್ತದೆ. ಓಡಿಸುವವರಿಗೆ ಅಷ್ಟು ಸಾಕು, ಕೈ ಸ್ಟೇರಿಂಗ್ ಪಕ್ಕದ ಲೈಟಿನ ಲಿವರಿಗೆ ಹೋಗುತ್ತದೆ. ಕ್ಯಾಮೆರಾಗೆ ಅಂಥ ಹರಡಿದ ಹೊಳಪು ವಾಹನವಲ್ಲ. ಎರಡು ಬಿಳಿ ಚುಕ್ಕೆಗಳು ನೆತ್ತಿಯ ಮೇಲೆ ನೇರವಾಗಿ ಮೂಡುವವರೆಗೂ ಅದು ಕಾಯುತ್ತದೆ. ಏರಿನ ಕೊನೆಯಲ್ಲಿ ಕಾರಿನ ಮೂತಿ ಮೇಲಕ್ಕೆ ಎತ್ತಿರುವುದರಿಂದ ಪೂರ್ತಿ ಹೈ ಬೀಮ್ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಅದು ಅರ್ಧ ಸೆಕೆಂಡೇ ಇರಬಹುದು, ಆದರೆ ಬೀಳುವುದು ಅವರು ರಸ್ತೆಯ ಇಳಿಜಾರನ್ನು ಮೊದಲ ಸಲ ನೋಡುವ ಕ್ಷಣದಲ್ಲಿ. ಕೋರೈಸಿದ ಕಣ್ಣು ಸುಧಾರಿಸಲು ಹಲವು ಸೆಕೆಂಡ್ ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು.

ತಿರುವಿನಲ್ಲಿ ಆಗುವುದು ಬೇರೆ. ಕ್ಯಾಮೆರಾ ನೋಡುವುದು ಕಾರಿನ ಮೂತಿ ಇರುವ ದಿಕ್ಕಿಗೆ. ರಸ್ತೆ ತೀವ್ರವಾಗಿ ಬಾಗಿದ್ದರೆ ಎದುರಿನ ವಾಹನ ಅದರ ನೋಟದ ಅಂಚಿನ ಹೊರಗೇ ಇದ್ದುಬಿಡುತ್ತದೆ. ಬಾಗು ಬಿಚ್ಚಿಕೊಳ್ಳುವಾಗ ಅದು ಥಟ್ಟನೆ ಒಳಗೆ ಬರುತ್ತದೆ, ಅಷ್ಟರಲ್ಲಿ ಅಂತರ ಐವತ್ತು ಅರವತ್ತು ಮೀಟರಿಗೆ ಇಳಿದಿರುತ್ತದೆ. ಬೆಟ್ಟದ ರಸ್ತೆಯಲ್ಲಿ ತಿರುವಿನ ಮೇಲೆ ತಿರುವು ಇರುವಾಗ ಈ ವ್ಯವಸ್ಥೆಯನ್ನು ಪೂರ್ತಿ ನಿಲ್ಲಿಸಿ ಕೈಯಲ್ಲೇ ನಡೆಸುವುದು ಸರಿ. ಇದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ನಡುವೆ ಡಿವೈಡರ್, ಅದರ ಮೇಲೆ ಗಿಡಗಳ ಸಾಲು ಇರುವ ಹೆದ್ದಾರಿ ಸುರಕ್ಷಿತ ಎನಿಸುತ್ತದೆ. ಆದರೆ ಲಾರಿ ಚಾಲಕರು ಅತಿ ಹೆಚ್ಚು ಬೈದುಕೊಳ್ಳುವುದು ಇಲ್ಲಿ. ಎದುರು ದಿಕ್ಕಿನ ಲಾರಿಯ ಹೆಡ್‌ಲೈಟ್‌ಗಳು ಗಿಡಗಳ ಹಿಂದೆ ಮರೆಯಾಗಿರುತ್ತವೆ, ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಚಾಲಕ ಕುಳಿತಿರುವುದು ಅದಕ್ಕಿಂತ ಬಹಳ ಎತ್ತರದಲ್ಲಿ, ಆತನ ಕಣ್ಣು ಗಿಡಗಳ ಮೇಲಿಂದ ನಮ್ಮ ಹೈ ಬೀಮಿನೊಳಗೇ ಇರುತ್ತದೆ. ಲಾರಿಯ ಮೇಲ್ಭಾಗದ ಸಣ್ಣ ಗುರುತಿನ ದೀಪಗಳು ಡಿವೈಡರ್ ಆಚೆ ಸರಿಯುತ್ತಿರುವುದು ಕಂಡರೆ ನಾವೇ ಇಳಿಸಬೇಕು.

ಯಾರದಾದರೂ ಹಿಂದೆ ಹೋಗುವಾಗ ತೊಂದರೆ ಕೆಂಪು ದೀಪದ್ದು. ಟೇಲ್ ಲ್ಯಾಂಪಿನ ಬೆಳಕು ಹೆಡ್‌ಲೈಟಿಗೆ ಹೋಲಿಸಿದರೆ ಬಹಳ ಕಡಿಮೆ. ಅದರ ಮೇಲೆ ಕೆಸರು ಮೆತ್ತಿದ್ದರೆ, ಒಂದು ಬಲ್ಬ್ ಸುಟ್ಟಿದ್ದರೆ, ಬರೀ ರಿಫ್ಲೆಕ್ಟರ್ ಇರುವ ಟ್ರೇಲರ್ ಆಗಿದ್ದರೆ ಕ್ಯಾಮೆರಾ ಗೊಂದಲಕ್ಕೆ ಬೀಳುತ್ತದೆ. ರಿಫ್ಲೆಕ್ಟರಿನ ಆಟ ವಿಚಿತ್ರ. ನಮ್ಮ ಹೈ ಬೀಮ್ ಬಿದ್ದು ಅದು ಕೆಂಪಗೆ ಹೊಳೆಯುತ್ತದೆ, ಕ್ಯಾಮೆರಾ ಅದನ್ನು ವಾಹನ ಎಂದು ಬಗೆದು ಇಳಿಸುತ್ತದೆ. ಇಳಿಸಿದೊಡನೆ ರಿಫ್ಲೆಕ್ಟರ್ ಮಂಕಾಗುತ್ತದೆ, ವಾಹನವಿಲ್ಲ ಎಂದು ಮತ್ತೆ ಏರಿಸುತ್ತದೆ. ಹೊಳೆಯುವ ಹಾಳೆ ಅಂಟಿಸಿದ ದೊಡ್ಡ ಫಲಕಗಳ ಮುಂದೆಯೂ, ಅಲ್ಲೊಂದು ಇಲ್ಲೊಂದು ಮನೆಯ ಜಗುಲಿ ದೀಪ ಇರುವ ರಸ್ತೆಯಲ್ಲೂ ಇದೇ ಏರಿಳಿತ. ಮುಂದಿನವರ ಕನ್ನಡಿಯಲ್ಲಿ ಇದು ಹೇಗೆ ಕಾಣುತ್ತದೆ ಎಂದು ಯೋಚಿಸಿ: ಹಿಂದಿನ ಕಾರು ಪದೇ ಪದೇ ಲೈಟ್ ಹೊಡೆದು ದಾರಿ ಕೇಳುತ್ತಿದೆ, ಇಲ್ಲವೇ ಜಗಳಕ್ಕೆ ಬರುತ್ತಿದೆ. ಎದುರಿನವರಿಗೆ ‘ನೀನು ಮೊದಲು ಹೋಗು’ ಎಂದೋ ‘ನಾನು ಬರುತ್ತಿದ್ದೇನೆ, ನಿಲ್ಲು’ ಎಂದೋ ಅನಿಸಬಹುದು. ಕಿರಿದಾದ ಸೇತುವೆಯ ಮುಂದೆ ಈ ತಪ್ಪು ಸಂದೇಶ ಅಪಾಯದ್ದು.

ತಪ್ಪಾಗಿ ಇಳಿಸುವುದರಲ್ಲೂ ನಷ್ಟವಿದೆ. ಒಣ ರಸ್ತೆಯಲ್ಲಿ 80ರ ವೇಗದಿಂದ ನಿಲ್ಲಲು, ಎಚ್ಚೆತ್ತು ಬ್ರೇಕ್ ತುಳಿಯುವ ಒಂದೂವರೆ ಸೆಕೆಂಡ್ ಸೇರಿಸಿ, ಸುಮಾರು 70 ಮೀಟರ್ ಬೇಕು. ಲೋ ಬೀಮ್ ಚೆನ್ನಾಗಿ ತೋರಿಸುವುದು ಸುಮಾರು 40ರಿಂದ 60 ಮೀಟರ್. ಎಂದರೆ ಎದುರಿಗೆ ಯಾರೂ ಇಲ್ಲದಿದ್ದರೂ ಫಲಕ ನೋಡಿ ದೀಪ ಇಳಿಸಿಕೊಂಡು ಕೆಲವು ಸೆಕೆಂಡ್ ಸುಮ್ಮನಿರುವ ಕಾರು, ಅಷ್ಟು ಹೊತ್ತು ತನ್ನ ನೋಟಕ್ಕಿಂತ ವೇಗವಾಗಿ ಓಡುತ್ತಿರುತ್ತದೆ. ವೇಗ 60ಕ್ಕೆ ಇಳಿದರೆ ನಿಲ್ಲುವ ದೂರ ಸುಮಾರು 45 ಮೀಟರಿಗೆ ಬರುತ್ತದೆ, ಲೋ ಬೀಮಿಗೆ ಹೊಂದುವ ವೇಗ ಅದು.

ನಡೆದು ಹೋಗುವವರ ವಿಷಯವೇ ನನ್ನನ್ನು ಹೆಚ್ಚು ಕಾಡುವುದು. ಬೆಳಕನ್ನಷ್ಟೇ ನೋಡುವ ವ್ಯವಸ್ಥೆಗೆ ದೀಪ ಹಿಡಿಯದ ಮನುಷ್ಯ ಇಲ್ಲವೇ ಇಲ್ಲ. ರಸ್ತೆ ಬದಿಯಲ್ಲಿ ಎದುರಿಗೆ ನಡೆದು ಬರುವವರ ಮುಖದ ಮೇಲೆ ಹೈ ಬೀಮ್ ಉರಿಯುತ್ತಲೇ ಇರುತ್ತದೆ. ಅವರಿಗೆ ಕಾಲಡಿಯ ಚರಂಡಿ ಕಾಣುವುದಿಲ್ಲ. ದೂರದಲ್ಲಿ ಅವರನ್ನು ಗುರುತಿಸಲು ಹೈ ಬೀಮ್ ಬೇಕು, ಗುರುತಿಸಿದ ಮೇಲೆ ಇಳಿಸಬೇಕು. ಎರಡನೆಯ ಕೆಲಸ ಪೂರ್ತಿ ನಮ್ಮದು. ಮಂದ ದೀಪದ ಸೈಕಲ್ಲಿಗೂ ಇದೇ ಮಾತು. ಬೈಕಿನ ಒಂಟಿ ದೀಪವನ್ನು ಬೀದಿದೀಪವೋ ರಿಫ್ಲೆಕ್ಟರೋ ಎಂದು ಕ್ಯಾಮೆರಾ ಎಣಿಸಿ ತಡಮಾಡುವುದುಂಟು. ಸವಾರನಿಗೆ ಮುಂದೆ ಕಾರಿನಂಥ ಗಾಜೂ ಇಲ್ಲ, ಬೆಳಕು ತಡೆಯುವ ಪಟ್ಟಿಯೂ ಇಲ್ಲ. ಬೆಳಕು ನೇರ ಹೆಲ್ಮೆಟ್ಟಿನ ಗಾಜಿನ ಗೀರುಗಳ ಮೇಲೆ ಬಿದ್ದು ಚೆದುರುತ್ತದೆ.

ಮಳೆ, ಮಂಜಿನಲ್ಲಿ ಚರ್ಚೆಯೇ ಬೇಡ, ಲೋ ಬೀಮಿಗೆ ಬದಲಿಸಿ ಬಿಡಿ. ಹನಿಗಳು ಹೈ ಬೀಮಿನ ಬೆಳಕನ್ನು ನಮ್ಮ ಕಣ್ಣಿಗೇ ತಿರುಗಿಸುತ್ತವೆ. ಎದುರಿನ ದೀಪ ಮಂಕಾಗಿ ಹರಡಿ, ಕ್ಯಾಮೆರಾಗೆ ಚುಕ್ಕೆಯಾಗಿ ಸಿಗುವುದೂ ತಡ.

ಹಿಡಿತ ಕೈಗೆ ತೆಗೆದುಕೊಳ್ಳುವುದು ಹೇಗೆ ಎಂಬುದು ಕಾರಿನಿಂದ ಕಾರಿಗೆ ಬೇರೆ. ದೊಡ್ಡ ಗೋಳು ಇದೇ. ಕೆಲವದರಲ್ಲಿ ಲಿವರನ್ನು ಒಮ್ಮೆ ನಮ್ಮ ಕಡೆಗೆ ಎಳೆದರೆ ಆಟೋ ಬಿಟ್ಟು ಲೋ ಬೀಮಿಗೆ ಬರುತ್ತದೆ. ಕೆಲವದರಲ್ಲಿ ಅದೇ ಎಳೆತ ಲೈಟ್ ಮಿನುಗಿಸಿ, ಕೈ ಬಿಟ್ಟೊಡನೆ ಮತ್ತೆ ಆಟೋಗೆ ಮರಳುತ್ತದೆ, ಅಂದರೆ ಇಳಿಸಲು ಹೋಗಿ ಎದುರಿನವರ ಕಣ್ಣಿಗೆ ಇನ್ನೊಮ್ಮೆ ಹೊಡೆದಂತೆ. ಲಿವರಿನ ತುದಿಯಲ್ಲಿ ಗುಂಡಿ ಇರುವವು, ಪರದೆಯ ಮೆನುವಿನೊಳಗೆ ಮೂರು ಹಂತ ಇಳಿದು ಹುಡುಕಬೇಕಾದವು, ನಿಂತ ಕಾರಿನಲ್ಲಿ ಲಿವರನ್ನು 40 ಸೆಕೆಂಡ್ ಎಳೆದು ಹಿಡಿದರೆ ಮಾತ್ರ ಪೂರ್ತಿ ಆರುವಂಥವೂ ಇವೆ. ಹೆಚ್ಚಿನ ಕಾರುಗಳಲ್ಲಿ ನಡೆಯುವ ನಂಬಿಕಸ್ಥ ದಾರಿ ಒಂದೇ: ಲೈಟಿನ ತಿರುಗುಗುಂಡಿಯನ್ನು ‘ಆಟೋ’ದಿಂದ ಸಾಮಾನ್ಯ ಹೆಡ್‌ಲೈಟ್ ಗುರುತಿಗೆ ತಿರುಗಿಸುವುದು. ಆಗ ಲಿವರ್ ಮುಂದೆ ತಳ್ಳಿದರೆ ಹೈ, ಹಿಂದಕ್ಕೆ ತಂದರೆ ಲೋ. ಕತ್ತಲಾಗುವ ಮೊದಲು, ನಿಂತ ಕಾರಿನಲ್ಲಿ ಒಂದು ಗೋಡೆಯ ಮುಂದೆ ಇದನ್ನೆಲ್ಲ ಮಾಡಿ ನೋಡಿ. ಎಂಜಿನ್ ಆರಿಸಿ ಮತ್ತೆ ಹಚ್ಚಿದಾಗ ಆಟೋ ತಾನಾಗಿ ವಾಪಸ್ ಬರುತ್ತದೆಯೇ ಎಂಬುದನ್ನೂ ಗಮನಿಸಿ, ಹಲವು ಕಾರುಗಳಲ್ಲಿ ಬರುತ್ತದೆ.

ಇಷ್ಟೆಲ್ಲ ದೂರುಗಳಲ್ಲಿ ಕೆಲವಕ್ಕೆ ಕಾರಣ ಗಾಜು. ಕ್ಯಾಮೆರಾದ ಎದುರಿಗಿರುವ ಗಾಜಿನ ಹೊರಭಾಗ ವೈಪರ್ ಓಡುವ ಜಾಗದಲ್ಲೇ ಬರುತ್ತದೆ, ಆದ್ದರಿಂದ ಸವೆದ ವೈಪರ್ ರಬ್ಬರ್ ಬಿಡುವ ಗೆರೆಗಳು ಪ್ರತಿ ಹೆಡ್‌ಲೈಟನ್ನೂ ಉದ್ದದ ಎಳೆಯಾಗಿಸುತ್ತವೆ. ಒಳಭಾಗದಲ್ಲಿ ಪ್ಲಾಸ್ಟಿಕ್ಕಿನಿಂದ ಹೊರಟ ಆವಿ ಕೂತು ತೆಳು ಎಣ್ಣೆಪೊರೆ ಕಟ್ಟಿರುತ್ತದೆ. ಕನ್ನಡಿಯ ಹಿಂದಿನ ಮುಚ್ಚಳದೊಳಗೆ ಕೈ ಹೋಗದ ಕಾರುಗಳಲ್ಲಿ ಅದನ್ನು ಸರ್ವಿಸಿನಲ್ಲೇ ಒರೆಸಿಸಬೇಕು. ಅಲ್ಲಿ ಸ್ಟಿಕರ್ ಅಂಟಿಸುವುದು, ಕನ್ನಡಿಗೆ ಏನಾದರೂ ತೂಗುಹಾಕುವುದು ಬೇಡ. ಗಾಜು ಬದಲಿಸಿದ ಮೇಲೆ ಕ್ಯಾಮೆರಾ ಕ್ಯಾಲಿಬ್ರೇಷನ್, ಅಂದರೆ ಅದರ ನೋಟದ ದಿಕ್ಕನ್ನು ಅಳೆದು ಸರಿಹೊಂದಿಸುವ ಕೆಲಸ, ಆಗಲೇಬೇಕು. ಬಿಲ್ಲಿನಲ್ಲಿ ಅದು ಬೇರೆಯಾಗಿ ನಮೂದಾಗಿದೆಯೇ ನೋಡಿ. ಒಂದು ಡಿಗ್ರಿ ಓರೆಯಾದರೂ 100 ಮೀಟರಿನಲ್ಲಿ ಸುಮಾರು 1.75 ಮೀಟರ್ ವ್ಯತ್ಯಾಸ.

ಈಗ, ನೀಲಿ ದೀಪ ಆರಿದ್ದರೂ ಎದುರಿನವರು ಮಿನುಗಿಸುವ ವಿಷಯ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ದೀಪದ ನಡುಬಿಂದುವಿನ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ. ಲೋ ಬೀಮಿನ ಮೇಲಂಚಿನ ಗೆರೆ ಆ ಗುರುತಿಗಿಂತ 10ರಿಂದ 15 ಸೆಂ.ಮೀ. ಕೆಳಗಿರಬೇಕು. ಹಿಂದಿನ ಸೀಟು, ಡಿಕ್ಕಿ ತುಂಬಿದಾಗ ಕಾರಿನ ಹಿಂಭಾಗ ಕುಸಿದು ಈ ಗೆರೆ ಮೇಲೇಳುತ್ತದೆ. ಸ್ಟೇರಿಂಗ್ ಬದಿಯಲ್ಲಿ 0, 1, 2, 3 ಎಂದಿರುವ ಚಕ್ರ ಇರುವುದು ಇದಕ್ಕೇ: ಅಂಕಿ ಹೆಚ್ಚಿಸಿದಷ್ಟೂ ಬೆಳಕು ಕೆಳಗಿಳಿಯುತ್ತದೆ. ಲೋ ಬೀಮ್ ಎತ್ತರದಲ್ಲಿದ್ದರೆ ಆಟೋ ಎಷ್ಟೇ ಚುರುಕಾಗಿ ಇಳಿಸಿದರೂ ಎದುರಿನವರಿಗೆ ಪ್ರಯೋಜನವಿಲ್ಲ.

ಮ್ಯಾಟ್ರಿಕ್ಸ್ ದೀಪಗಳು ಬಂದಮೇಲೆ ಇದೆಲ್ಲ ಮುಗಿಯಿತು ಎನ್ನುವವರಿದ್ದಾರೆ. 2013ರಲ್ಲಿ ಔಡಿ ಎ8 ಕಾರಿನಲ್ಲಿ ಬಂದ ಈ ಬಗೆಯಲ್ಲಿ ಹೈ ಬೀಮ್ ಅನೇಕ ಎಲ್‌ಇಡಿ ತುಣುಕುಗಳಾಗಿ ಒಡೆದಿರುತ್ತದೆ. ಎದುರಿನ ವಾಹನ ಇರುವಷ್ಟು ಭಾಗವನ್ನು ಮಾತ್ರ ಆರಿಸಿ ಉಳಿದದ್ದನ್ನು ಉರಿಸುತ್ತದೆ. ಅಮೆರಿಕದಲ್ಲಿ ಇಂಥ ದೀಪಗಳಿಗೆ ಅನುಮತಿ ಸಿಕ್ಕಿದ್ದು 2022ರ ಫೆಬ್ರವರಿಯಲ್ಲಿ. ಓಡಿಸುವವರಿಗೆ ಇದು ದೊಡ್ಡ ಸುಖ, ಬೆಳಕು ಪೂರ್ತಿ ಬಿದ್ದುಹೋಗುವುದಿಲ್ಲ. ಆದರೆ ಏರಿನ ಆಚೆಯದು, ಗಿಡಗಳ ಹಿಂದಿನ ಲಾರಿಯದು ಇಲ್ಲೂ ಮೊದಲಿನಂತೆಯೇ, ಏಕೆಂದರೆ ಎಲ್ಲಿ ಆರಿಸಬೇಕೆಂದು ಹೇಳುವುದು ಅದೇ ಗಾಜಿನ ಹಿಂದಿನ ಕ್ಯಾಮೆರಾ.

ತಯಾರಕರಿಂದ ನಾನು ಬಯಸುವುದು ಹೆಚ್ಚೇನಿಲ್ಲ. ಆಟೋವನ್ನು ನಿಲ್ಲಿಸಿದವರ ಆಯ್ಕೆ ಮುಂದಿನ ಸಲ ಕಾರು ಹಚ್ಚಿದಾಗಲೂ ಉಳಿಯಲಿ. ಲಿವರಿನ ಒಂದೇ ಎಳೆತ ಎಲ್ಲ ಕಾರುಗಳಲ್ಲೂ ಲೋ ಬೀಮನ್ನೇ ಕೊಡಲಿ, ನಾವು ಮರಳಿ ಕೇಳುವವರೆಗೆ ಅಲ್ಲೇ ನಿಲ್ಲಲಿ. ನಕಾಶೆ ಇರುವ ಕಾರಿಗೆ ಮುಂದಿನ ತಿರುವು ಎಲ್ಲಿದೆ ಎಂದು ಮೊದಲೇ ಗೊತ್ತಿರುತ್ತದೆ, ಆ ತಿಳಿವಳಿಕೆಯನ್ನು ದೀಪಕ್ಕೂ ಕೊಡಲಿ.